ಮಂಜಿನಲ್ಲಿ ಬರುವ ಕೂ

ಹಿರೇಕೊಡಿಗೆಯ ಕಡೆ ಮನೆಗಳು ಒಂದೊಂದು ಗುಡ್ಡಕ್ಕೆ ಒಂದೊಂದು. ಯಾರನ್ನಾದರೂ ಕರೆಯಬೇಕೆಂದರೆ ಬಾಯಿಗೆ ಕೈ ಅಡ್ಡ ಹಿಡಿದು ‘ಕೂ’ ಹಾಕುವುದು ಹಳೆಯ ರೂಢಿ. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ. ಆದರೂ ಆಳು ಬೂತಪ್ಪನ ಬಿಡಾರಕ್ಕೆ ಮಾತ್ರ ಒಡೆಯರ ದೊಡ್ಡಮನೆಯಿಂದ ಇನ್ನೂ ಕೂ ಬರುತ್ತದೆ. ಬೆಳಕು ಹರಿಯುವ ಮುಂಚೆ, ಗದ್ದೆಯ ಮೇಲಿನ ಮಂಜಿನಲ್ಲಿ ತೇಲಿಕೊಂಡು. ಕೇಳಿದೊಡನೆ ಬೂತಪ್ಪ “ಓ” ಎಂದು ಎದ್ದು ಹೊರಡಬೇಕು. ಅವನ ಅಪ್ಪನೂ ಹಾಗೇ ಓಗೊಟ್ಟವನು. ಕೂಲಿಯೆಂದರೆ ಅಕ್ಕಿ, ಹಳೇ ಬಟ್ಟೆ, ಹಬ್ಬಕ್ಕೊಂದಿಷ್ಟು ಚಿಲ್ಲರೆ. ಬೇರೆ ಕಡೆ ಕೆಲಸಕ್ಕೆ ಹೋಗುವಂತಿಲ್ಲ.

ಆ ಕೂ ಕೇಳಲು ಬಲು ಇಂಪು. ಕನಸಿನಲ್ಲಿ ಯಾರೋ ಪ್ರೀತಿಯಿಂದ ಕರೆದ ಹಾಗಿರುತ್ತದೆ. ಈ ಕಥೆ ಹೇಳುವ ನನಗೆ ಸಿಟ್ಟು ಬರುವುದೇ ಅದಕ್ಕೆ.

ಬೂತಪ್ಪನ ಹೆಂಡತಿಯೂ ಅಲ್ಲೇ ದುಡಿಯುತ್ತಿದ್ದಳು, ಈಚೆಗೆ ಅವಳಿಗೆ ಮಂಡಿನೋವು. “ನಾಳೆಯಿಂದ ಮಗಳು ಬರಲಿ” ಎಂದು ದೊಡ್ಡಮನೆಯಿಂದ ಹೇಳಿಕಳಿಸಿದರು. ಮಗಳು ಭವ್ಯ ಕೊಪ್ಪದ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅದೇ ಸಂಜೆ ಎನ್.ಆರ್.ಪುರದಿಂದ ಹೆಂಡತಿಯ ತಮ್ಮ ರೇಣುಕಪ್ಪ ಬಂದ. ಅವನು ಕಾನೂನು ಸೇವಾ ಸಮಿತಿಯ ಸ್ವಯಂಸೇವಕ.

“ಕೂಸನ್ನ ಕಳಿಸ್ಬೇಡಿ ಭಾವ. ಇದು ಜೀತ.”

“ಎಂತ ಜೀತ ಮಾರಾಯ? ನಾ ಅವ್ರ ಹತ್ರ ಸಾಲಾನೇ ಮಾಡ್ಲಿಲ್ಲ. ಇದು ಪದ್ಧತಿ.”

“ಪದ್ಧತಿ ಅಂತ ಕಟ್ಟಿಹಾಕಿ ದುಡಿಸ್ಕೊಂಡ್ರೂ ಜೀತವೇ. ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸಿದ್ರೆ ಅದು ಬಲವಂತದ ದುಡಿಮೆ ಅಂತ ನಮ್ಮ ಸುಪ್ರೀಂ ಕೋರ್ಟೇ ಹೇಳಿದೆ.”

“ಕೋರ್ಟು ಕಚೇರಿ ಎಲ್ಲ ನಮ್ಮಂಥೋರಿಗಲ್ಲ, ಬಿಡು.”

“ಹಂಗಂತ ಒಂದು ಕೋರ್ಟೇ ಹೇಳಿತ್ತು ಭಾವ. ಹಿಂದೆ ಅಮೆರಿಕದಲ್ಲಿ ಡ್ರೆಡ್ ಸ್ಕಾಟ್ ಅಂತ ಒಬ್ಬ ಗುಲಾಮ ಇದ್ದ. ಬಿಡುಗಡೆ ಕೊಡಿ ಅಂತ ಕೇಸು ಹಾಕ್ದ. ಅಲ್ಲಿನ ದೊಡ್ಡ ಕೋರ್ಟು, ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲ, ಕೇಸು ಹಾಕೋ ಹಕ್ಕೇ ನಿಂಗಿಲ್ಲ ಅಂತು.”

“ನಾ ಹೇಳಿದ್ದೂ ಅದನ್ನೇ!” ಬೂತಪ್ಪನಿಗೆ ತಾನೇ ಗೆದ್ದಷ್ಟು ಖುಷಿ.

“ಪೂರ್ತಿ ಕೇಳಿ. ಆ ತೀರ್ಪು ಉಳೀಲಿಲ್ಲ. ಆಮೇಲೆ ಸಂವಿಧಾನಾನೇ ತಿದ್ದಿದ್ರು, ಕಪ್ಪು ಜನರೂ ಪ್ರಜೆಗಳಾದ್ರು. ನಮ್ಮ ಸಂವಿಧಾನ ಅಂತೂ ಮೊದ್ಲಿಂದಾನೇ ಬಿಟ್ಟಿ ದುಡಿಮೆ ಬೇಡ ಅಂದಿದೆ. ನೀವು ವೋಟು ಹಾಕ್ತೀರಲ್ಲ? ಮತ್ತೆ ಕೋರ್ಟು ನಿಮ್ಮದಲ್ದೆ ಯಾರ್ದು?”

“ಅವ್ರ ಜಾಗದ ಬಿಡಾರ ಇದು, ಎಬ್ಬಿಸಿದ್ರೆ?”

“ಬಿಡುಗಡೆ ಆದ ಜೀತದಾಳನ್ನ ಇದ್ದ ಮನೆಯಿಂದ ಎಬ್ಬಿಸೋ ಹಂಗಿಲ್ಲ. ಅದಕ್ಕೂ ಕಾನೂನಿದೆ.”

“ಬೆಳಿಗ್ಗೆ ನೋಡ್ವ” ಎಂದು ಬೂತಪ್ಪ ಕಂಬಳಿ ಎಳೆದುಕೊಂಡ.

ಬೆಳಗಿನ ಜಾವ ಅವನಿಗೊಂದು ಕನಸು. ಮಂಜಿನೊಳಗೆ ಮೆಟ್ಟಿಲುಗಳು. ಮೇಲೊಬ್ಬ ಕಪ್ಪು ಮನುಷ್ಯ ನಿಂತು “ಹತ್ತಿ ಬಾ” ಎನ್ನುತ್ತಿದ್ದ. ಹತ್ತಿರ ಹೋದರೆ ಅದು ತೀರಿಹೋದ ಅಪ್ಪನ ಮುಖ. ಅಷ್ಟರಲ್ಲಿ ದೂರದಿಂದ ಕೂ ಕೇಳಿಸಿತು. ಬೂತಪ್ಪ ಎಚ್ಚೆತ್ತು ಬಾಯಿ ತೆರೆದ.

ಅವನಿಗಿಂತ ಮೊದಲೇ ಯಾರೋ “ಓ” ಎಂದರು.

ಭವ್ಯ. ಅವಳ ಕಣ್ಣು ಮುಚ್ಚಿತ್ತು, ಗಾಢ ನಿದ್ದೆ. ಅಪ್ಪನಿಂದ ಬೂತಪ್ಪನಿಗೆ ಬಂದ ಓ ಮಗಳ ನಿದ್ದೆಯೊಳಗೂ ಇಳಿದಿತ್ತು. ಬೂತಪ್ಪ ಕಂಬಳಿ ಕಿತ್ತೊಗೆದು ಎದ್ದ.

“ರೇಣುಕಪ್ಪ, ಏಳು ಮಾರಾಯ” ಎಂದ. “ಕೊಪ್ಪದ ಮೊದ್ಲ ಬಸ್ಸಿಗೇ ಹೋಪ.”

ಮತ್ತೆ ಕೂ ಬಂತು. ಈ ಸಲ ಯಾರೂ ಓಗೊಡಲಿಲ್ಲ.

ತಹಶೀಲ್ದಾರರಿಗೆ ಅರ್ಜಿ ಕೊಟ್ಟರು. ಅಧಿಕಾರಿಗಳು ಬಂದು ವಿಚಾರಿಸಿದರು. ತಡವಾಯಿತು, ಓಡಾಟವೂ ಆಯಿತು, ಆದರೆ ಬಿಡುಗಡೆ ಪತ್ರ ಬಂತು. ಬಿಡಾರ ಇದ್ದಲ್ಲೇ ಇದೆ. ದೊಡ್ಡಮನೆಯವರು ಮುಖ ಊದಿಸಿಕೊಂಡು ಕೆಲವು ದಿನ ಕೂ ಹಾಕಿ ನೋಡಿದರು. ಭವ್ಯ ಮಗ್ಗುಲು ಬದಲಿಸಿ ಮಲಗಿದಳು, ಕಾಲೇಜಿನ ಬಸ್ಸಿಗೆ ಇನ್ನೂ ಹೊತ್ತಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥ ಕೂ ಬರುತ್ತಿದ್ದರೆ, ಪಕ್ಕದವರು ಓಗೊಡುತ್ತಿದ್ದರೆ, ಸುಮ್ಮನಿರಬೇಡಿ. ತಹಶೀಲ್ದಾರರಿಗೆ ತಿಳಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ, ಕಾನೂನು ನೆರವು ಕೇಳಿ. ನೀವು ಈ ದೇಶದ ಪ್ರಜೆ. ಯಾರ ಕರೆಗೆ ಓ ಎನ್ನಬೇಕೆಂಬುದು ನಿಮಗೆ ಬಿಟ್ಟದ್ದು.