ಎಲ್ಲರ ಅಂಗಿಯೂ ಗುಲಾಬಿ

ಡ್ರಿಲ್ ಮಾಸ್ತರರ ಗಂಟಲು ಕೇಳಿದರೆ ಬೀದಿ ನಾಯಿಗಳೂ ಬಾಲ ಮುದುರಿಕೊಳ್ಳುತ್ತಿದ್ದವು. ಅಂಥ ಮಹಾಶಯರಿಗೆ ಆ ಬೆಳಿಗ್ಗೆ ಶಾಲೆಯ ಬಟ್ಟೆ ಒಗೆಯುವ ಯಂತ್ರದ ಬಾಗಿಲು ತೆರೆದಾಗ ಬಾಯಿಯೇ ಕಟ್ಟಿಹೋಯಿತು. ಹಾಕಿದ್ದು ಬಿಳಿ ಅಂಗಿ, ಬಂದದ್ದು ಗುಲಾಬಿ! ನಡುವೆ ಆಟದ ತಂಡದ ಹೊಸ ಕೆಂಪು ಬಾವುಟ ಏನೂ ಅರಿಯದ ಕೂಸಿನ ಹಾಗೆ ಮುದುರಿ ಮಲಗಿತ್ತು.

ಬಡಮಕ್ಕಳ ಕಲಿಕೆಗೆಂದು ಬಂದ ಅನುದಾನದಲ್ಲಿ ಹೆಡ್‌ಮಿಸ್ ಈ ಯಂತ್ರ ಕೊಂಡಾಗ, "ಇದು ಲೆಕ್ಕ ಹೇಳಿಕೊಡುತ್ತಾ?" ಎಂದು ಶಿಕ್ಷಣ ಇಲಾಖೆಯ ಸಾಹೇಬರು ಮೂಗು ಮುರಿದಿದ್ದರು. "ಮಗು ಶಾಲೆಗೇ ಬರ್ದಿದ್ರೆ ಯಾರಿಗೆ ಹೇಳಿಕೊಡೋದು ಸಾರ್?" ಎಂದು ಆಕೆ ಅವರ ಬಾಯಿ ಮುಚ್ಚಿಸಿದ್ದರು.

ಆ ಮಗು ಗುಬ್ಬಿ. ಅವಳಿಗೆ ಇದ್ದದ್ದು ಒಂದೇ ಅಂಗಿ. ಅದು ಕೊಳೆಯಾದರೆ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಾರೆಂದು ಮನೆಯಲ್ಲೇ ಉಳಿಯುತ್ತಿದ್ದಳು. ಮಾಸ್ತರರು ತಲೆ ಓಡಿಸಿ ಡ್ರಿಲ್ಲನ್ನು ಮೊದಲ ಪೀರಿಯಡ್ಡಿಗೆ ತಂದರು. ಇಡೀ ತರಗತಿ ಅಂಗಿಗಳನ್ನು ಗೂಟಕ್ಕೆ ಹಾಕಿ, ಮಧ್ಯಾಹ್ನದವರೆಗೆ ಆಟದ ಟೀ ಶರ್ಟಿನಲ್ಲೇ ಇರುತ್ತಿತ್ತು. ಅಷ್ಟರಲ್ಲಿ ಗುಬ್ಬಿಯಂಥ ನಾಲ್ಕಾರು ಮಕ್ಕಳ ಅಂಗಿಗಳು ಸದ್ದಿಲ್ಲದೆ ಒಗೆಸಿಕೊಂಡು, ಒಣಗಿ, ಗೂಟಕ್ಕೆ ಮರಳುತ್ತಿದ್ದವು. ಯಾರದು ಒಗೆದದ್ದೆಂದು ಒಂದು ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಇವತ್ತು ಊರಿಗೆಲ್ಲ ತಿಳಿಯುವಂತಾಗಿತ್ತು.

"ಸಾರ್, ಅದು ನನ್ನದಲ್ವಾ?"

ಬಾಗಿಲಲ್ಲಿ ಗುಬ್ಬಿ. ಅವಳು ಗುಲಾಬಿ ಅಂಗಿಯನ್ನೇ ನೋಡುತ್ತಿದ್ದಳು.

"ಎಲ್ರಿಗೂ ಗೊತ್ತಾಗಿಬಿಡತ್ತೆ. ನಾಳೆಯಿಂದ ನಾನು ಬರಲ್ಲ."

ಮಾಸ್ತರರು ಎಂಥ ದಡ್ಡ ನಾನು ಎಂದು ತಮ್ಮನ್ನೇ ಬೈದುಕೊಂಡರು. ಆಮೇಲೆ ಸೀದಾ ಹೋಗಿ, ಗೂಟಗಳಲ್ಲಿದ್ದ ಉಳಿದ ಅಂಗಿಗಳನ್ನೂ ಬಾಚಿ ತಂದು ಯಂತ್ರಕ್ಕೆ ತುಂಬಿದರು. ಬಾವುಟವನ್ನೂ ಮರೆಯಲಿಲ್ಲ.

ಅಷ್ಟರಲ್ಲಿ ಹೆಡ್‌ಮಿಸ್ ಬಂದರು. "ಏನ್ರೀ ಇದು, ತಲೆ ನೆಟ್ಟಗಿದೆಯಾ? ಎಲ್ರ ಅಪ್ಪ ಅಮ್ಮನೂ ನನ್ನ ಮೇಲೆ ಬೀಳ್ತಾರೆ!"

"ತಪ್ಪು ನನ್ನದು ಅಂತ ನಾನೇ ಹೇಳ್ತೀನಿ ಮೇಡಂ. ಬೈಸಿಕೊಂಡು ಅಭ್ಯಾಸ ಇದೆ. ಆದ್ರೆ ಗುಲಾಬಿ ಆಗೋದಾದ್ರೆ ಎಲ್ರದ್ದೂ ಆಗ್ಲಿ."

ಹೆಡ್‌ಮಿಸ್ ಬಾಗಿಲಲ್ಲಿದ್ದ ಗುಬ್ಬಿಯನ್ನು ನೋಡಿದರು. ತಾವು ತೊಟ್ಟಿದ್ದ ಬಿಳಿ ಕೋಟು ಬಿಚ್ಚಿ ಮಾಸ್ತರರ ಕೈಗೆ ಕೊಟ್ಟರು.

"ಇದನ್ನೂ ಹಾಕಿ. ಕಾಲರ್ ಹೇಗೂ ಕೊಳೆಯಾಗಿತ್ತು."

ಸಂಜೆ ಗಂಟೆ ಹೊಡೆದಾಗ ಇಡೀ ತರಗತಿ ಗುಲಾಬಿ ಅಂಗಿಯಲ್ಲಿ ಹೊರಬಿತ್ತು. "ಸಾರ್‌ಗೆ ಬಟ್ಟೆ ಒಗೆಯೋಕೂ ಬರಲ್ಲ!" ಎಂದು ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರರು ಸುಳ್ಳು ಸಿಟ್ಟಿನಿಂದ ಎಲ್ಲರನ್ನೂ ಗದರಿಸಿ ಓಡಿಸಿದರು.

ಕೊನೆಗೆ ಉಳಿದವಳು ಗುಬ್ಬಿ.

"ಬಿಳಿ ಬಟ್ಟೆ ಜೊತೆ ಹೊಸ ಕೆಂಪು ಬಟ್ಟೆ ಹಾಕಬಾರ್ದು ಅಂತ ನಿಮ್ಗೆ ಯಾರೂ ಹೇಳಿಕೊಟ್ಟಿಲ್ವಾ ಸಾರ್?"

"ಇಲ್ಲ ಕಣಮ್ಮ."

"ಅಯ್ಯೋ! ಸರಿ ಬಿಡಿ, ನಾಳೆ ನಾನೇ ಹೇಳಿಕೊಡ್ತೀನಿ."

ಅವಳು ಚೀಲ ಹೆಗಲಿಗೇರಿಸಿ ಓಡಿದಳು. ಖುಷಿಗೆ ಏನು ಮಾಡಬೇಕೋ ತೋಚದ ಮಾಸ್ತರರು ಖಾಲಿ ಮೈದಾನದಲ್ಲಿ ನಿಂತು ಜೋರಾಗಿ ಸೀಟಿ ಊದಿದರು.