ಹೂಮಾಲೆಗಳ ಗೊಬ್ಬರ

ನನ್ನ ಹೆಂಡತಿ ತೀರಿಕೊಂಡಾಗ ಬಂದ ಹೂಮಾಲೆಗಳನ್ನೆಲ್ಲ ನಾನು ಗೊಬ್ಬರದ ಗುಂಡಿಗೆ ಹಾಕಿದೆ. ಅವಳಿದ್ದಿದ್ದರೆ ಅದನ್ನೇ ಮಾಡುತ್ತಿದ್ದಳೆಂದು ನಂಬಿದ್ದೆ. ಮೊಟ್ಟೆಯ ಸಿಪ್ಪೆಯಿಂದ ಹಿಡಿದು ನನ್ನ ಹರಿದ ಬನಿಯನ್ನಿನವರೆಗೆ ಯಾವುದನ್ನೂ ಎಸೆದವಳಲ್ಲ. ನಾನು ದೇವರ ಮುಂದೆ ಮಂಡಿಯೂರಿದರೆ ಅವಳು ಎರೆಹುಳುಗಳ ಮುಂದೆ ಊರುತ್ತಿದ್ದಳು. ಇಬ್ಬರಲ್ಲಿ ಯಾರ ಕೋರಿಕೆ ಬೇಗ ಈಡೇರುತ್ತಿತ್ತೆಂದು ಬರೆಯುವುದು ಬೇಡ, ದೇವರಿಗೆ ಬೇಸರವಾದೀತು.

ರಾಸಾಯನಿಕ ಮುಟ್ಟಿಸದೆ ಮೂರು ವರ್ಷ ಕಾದ ಮೇಲೆ ಅವಳ ತೋಟಕ್ಕೆ ಸಾವಯವ ಪ್ರಮಾಣಪತ್ರ ಸಿಕ್ಕಿತ್ತು. ಅದಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು. ಅಲ್ಲಿದ್ದ ನಮ್ಮ ಮದುವೆಯ ಪಟ ಕೊಟ್ಟಿಗೆಯಲ್ಲಿ ಗುದ್ದಲಿಯ ಪಕ್ಕಕ್ಕೆ ಹೋಯಿತು. ಈಗ ಅವಳಿಲ್ಲ. ಆ ಪತ್ರವಾದರೂ ಉಳಿಯಲಿ ಎಂಬುದೊಂದೇ ನನ್ನ ಹಟ.

ವರ್ಷದ ತಪಾಸಣೆಗೆ ಬಂದ ಅಧಿಕಾರಿಣಿ ಪಕ್ಕದ ಹೊಲದ ಔಷಧಿ ಹಾರಿಬರದಂತೆ ಬೆಳೆಸಿದ್ದ ಬೇಲಿಯನ್ನು ನೋಡಿದಳು, ಬೀಜದ ಪೊಟ್ಟಣಗಳನ್ನು ನೋಡಿದಳು, ತಲೆದೂಗಿದಳು. ಆಮೇಲೆ ಗುಂಡಿಗೆ ಕೋಲು ಹಾಕಿ ಜರಿಯ ರಿಬ್ಬನ್ನೊಂದನ್ನು ಎಳೆದಳು. ‘ಪ್ರೀತಿಯ ಅಕ್ಕನಿಗೆ’ ಎಂದಿತ್ತು.

“ಇದೇನು ಯಜಮಾನ್ರೇ?”

ನಾನು ಬಾಯಿ ತೆರೆಯುವ ಮೊದಲೇ ನನ್ನ ನಾದಿನಿ, ಅಂದರೆ ಆ ರಿಬ್ಬನ್ ಬರೆಸಿದವಳೇ, ಮುಂದೆ ಬಂದಳು. “ಎಲ್ಲಾ ನಮ್ಮ ತೋಟದ ಹೂವೇ ಕಣಮ್ಮ.”

“ರಿಬ್ಬನ್ನೂ ಇಲ್ಲೇ ಬಿಡುತ್ತಾ?”

“ಗೊಬ್ಬರ ಚೆನ್ನಾಗಿದ್ರೆ ಏನು ಬೇಕಾದ್ರೂ ಬಿಡುತ್ತೆ.”

ಅಧಿಕಾರಿಣಿ ನಗು ತಡೆದುಕೊಂಡಳು. “ಅಂಗಡಿ ಹೂವಿಗೆ ಮೊಗ್ಗಿನಿಂದಲೂ ಔಷಧಿ ಹೊಡೀತಾರೆ. ಗುಂಡಿಗೆ ಬೀಳೋ ಪ್ರತಿಯೊಂದೂ ಎಲ್ಲಿಂದ ಬಂತು ಅಂತ ಗೊತ್ತಿರಬೇಕು. ಇದನ್ನ ಹೊರಗೆ ಸಾಗಿಸಿದ್ರೆ ಆಯ್ತು. ಮಣ್ಣಿಗೇನೂ ಹಾಕಿಲ್ಲ ತಾನೇ?”

“ಇಲ್ಲಪ್ಪ, ಒಂದು ಹಿಡಿನೂ ಹಾಕಿಲ್ಲ,” ಎಂದಳು ನಾದಿನಿ, ನನ್ನ ಕಾಲು ತುಳಿಯುತ್ತ.

ಕ್ಯಾರೆಟ್ ಮಡಿಗೆ ನಾನೇ ಹಾಕಿದ್ದೆ. ಯಾರೂ ನೋಡಿರಲಿಲ್ಲ. ದೇವರಿಗಾದರೆ ಸುಳ್ಳು ಹೇಳಿ ಕ್ಷಮೆ ಕೇಳಬಹುದು. ಕ್ಷಮಿಸುವುದು ಅವನ ಕಸುಬು. ನನ್ನ ಹೆಂಡತಿ ಆ ಕಸುಬಿಗೆ ಎಂದೂ ಕೈಹಾಕಿದವಳಲ್ಲ.

“ಕ್ಯಾರೆಟ್ಟಿಗೆ ಹಾಕಿದೀನಮ್ಮ,” ಎಂದೆ.

“ಭಾವ! ನಿಮ್ಮ ಬಾಯಿಗೆ ಬೀಗ ಹಾಕ!”

ಅಧಿಕಾರಿಣಿ ಮಡಿಯ ಸುತ್ತ ನಡೆದು ಬಂದಳು. “ನೀವೇ ಹೇಳಿದ್ದು ಒಳ್ಳೇದಾಯ್ತು. ಕಚೇರಿಯವರು ಒಪ್ಪಿದ್ರೆ ಉಳಿದ ತೋಟಕ್ಕೆ ತೊಂದರೆಯಿಲ್ಲ. ಈ ಮಡಿ ಮಾತ್ರ ಮತ್ತೆ ಮೂರು ವರ್ಷ ಕಾಯಬೇಕು.”

“ಮೂರು ವರ್ಷ ನಾನಿರಬೇಕಲ್ಲಮ್ಮ!”

“ನಿಯಮದಲ್ಲಿ ಅದಕ್ಕೆ ವಿನಾಯಿತಿ ಇಲ್ಲ, ಯಜಮಾನ್ರೇ.”

ಅವಳು ಹೋದ ಮೇಲೆ ನಾದಿನಿ ಆ ಮಡಿಯ ಕ್ಯಾರೆಟ್ ಒಂದನ್ನು ಕಿತ್ತು, ಸೆರಗಿನಲ್ಲಿ ಒರೆಸಿ ಕಚ್ಚಿದಳು. “ಅಕ್ಕ ಇದ್ದಿದ್ರೆ ನಿಮ್ಮನ್ನೇ ಗುಂಡಿಗೆ ಹಾಕ್ತಿದ್ಲು,” ಎಂದಳು. ಆಮೇಲೆ ಇಬ್ಬರೂ ಅತ್ತೆವು, ಅವಳು ಬಾಯಲ್ಲಿ ಕ್ಯಾರೆಟ್ ಇಟ್ಟುಕೊಂಡೇ.

ಹೆಂಡತಿ ಹೋದಂದಿನಿಂದ ಪ್ರತಿ ಸಂಜೆ ನಾನು ಬೇಡುತ್ತಿದ್ದುದು ಒಂದೇ: ದೇವರೇ, ನನ್ನನ್ನೂ ಬೇಗ ಅವಳ ಹತ್ತಿರ ಕರೆದುಕೋ. ಅಂದು ಸಂಜೆ ಮಂಡಿಯೂರಿ, ಕೊಟ್ಟ ಅರ್ಜಿಯನ್ನು ಇನ್ನು ಮೂರು ವರ್ಷ ತಡೆಹಿಡಿಯಬೇಕೆಂದು ಕೇಳಿಕೊಂಡೆ. ಕಾರಣ ಬೇಕಿದ್ದರೆ ಅವಳನ್ನೇ ವಿಚಾರಿಸು ಎಂದೆ. ಕ್ಯಾರೆಟ್ಟಿನ ವಿಷಯ ಮಾತ್ರ ನೀನಾಗಿ ಎತ್ತಬೇಡ ಎಂದೂ ಬೇಡಿಕೊಂಡೆ.