ಹುಟ್ಟಿದ ತಾರೀಖು

"ಹುಟ್ಟಿದ್ದು ಯಾವತ್ತು, ದೊಡ್ಡಪ್ಪ?"

ಕಂಪ್ಯೂಟರಿನಿಂದ ಕಣ್ಣೆತ್ತದೆ ಪ್ರೇಮಲತಾ ಕೇಳಿದಳು. ಊಟಿಯ ಆ ವಿಶ್ವವಿದ್ಯಾಲಯದಲ್ಲಿ ಬೆಳಗಿನಿಂದ ಸಂಜೆಯವರೆಗೂ ತಮಿಳೇ. ಗುಂಡ್ಲುಪೇಟೆ ಕಡೆಯ ಈ ಹುಡುಗಿ ಕೆಲಸಕ್ಕೆ ಬಂದ ಮೇಲಷ್ಟೇ ಅಟೆಂಡರ್ ಸಿದ್ದಯ್ಯನಿಗೆ ಬಾಯ್ತುಂಬ ಕನ್ನಡ ಆಡುವ ಭಾಗ್ಯ ಸಿಕ್ಕಿದ್ದು. ಗಾಜಿನ ಮನೆಯ ಆಲೂಗಡ್ಡೆ ಗಿಡಗಳ ಫೋಟೋ ದಿನಾ ಕಳಿಸು ಎಂದು ಪ್ರೊಫೆಸರು ಅವನಿಗೆ ತಮ್ಮ ಹಳೆಯ ಫೋನು ಕೊಟ್ಟಿದ್ದರು. ಅದಕ್ಕೆ ಕ್ಯಾಂಪಸ್ಸಿನ ವೈಫೈ ಹಾಕಿಸಲು ಅವನು ಅವಳ ಬಳಿ ಬಂದಿದ್ದ.

"ಗಾಂಧೀಜಿ ಹೋದ್ರಲ್ಲ, ಸರಿಯಾಗಿ ಒಂದು ವಾರಕ್ಕೆ ಕಣವ್ವ. ಊರೆಲ್ಲ ಅಳ್ತಿದ್ರೆ ನಮ್ಮವ್ವ ಒಬ್ಳೇ ನಗ್ತಿದ್ಲಂತೆ!"

"ಹಂಗಾರೆ ನಲವತ್ತೆಂಟು, ಫೆಬ್ರವರಿ ಆರು," ಎಂದು ನಗುತ್ತ ಟೈಪು ಮಾಡಿದಳು.

ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು.

"ಒಪ್ತಿಲ್ಲ, ದೊಡ್ಡಪ್ಪ. ನಿಮ್ಮ ಸರ್ವಿಸ್ ರಿಜಿಸ್ಟರಲ್ಲಿ ಬೇರೆ ತಾರೀಖು ಅದೆ."

ತಾನು ಏನು ಹೇಳಿಬಿಟ್ಟೆನೆಂದು ಸಿದ್ದಯ್ಯನಿಗೆ ಆಗ ಹೊಳೆಯಿತು. ಕೆಲಸಕ್ಕೆ ಸೇರುವಾಗ ಅವನಿಗೆ ವಯಸ್ಸು ಮೀರಿತ್ತು. ಊರಿನ ಹೆಡ್‌ಮಾಸ್ತರು ಪಾಪ ಎಂದು ಸರ್ಟಿಫಿಕೇಟಿನಲ್ಲಿ ನಾಲ್ಕು ವರ್ಷ ಕಡಿಮೆ ಮಾಡಿ ಬರೆದುಕೊಟ್ಟಿದ್ದರು. ಮೂವತ್ತೆರಡು ವರ್ಷ ಆ ಸುಳ್ಳು ತಾರೀಖನ್ನು ಅವನು ತಮಿಳಿನಲ್ಲಿ, ನಿದ್ದೆಯಲ್ಲಿ ಕೇಳಿದರೂ ತಪ್ಪದಂತೆ ಹೇಳಿದ್ದ. ಕನ್ನಡದಲ್ಲಿ ಯಾರೂ ಕೇಳಿರಲೇ ಇಲ್ಲ. ಹಾಳು ಬಾಯಿ, ತಾಯಿಭಾಷೆ ಕೇಳಿದ್ದೇ ತಡ ನಿಜ ಕಕ್ಕಿಬಿಟ್ಟಿತ್ತು. ಐವತ್ತೆಂಟಕ್ಕೇ ನಿವೃತ್ತನಾಗಬೇಕಿದ್ದವನಿಗೆ ಅರವತ್ತೊಂದು ಎಂದು ಗೊತ್ತಾದರೆ ಕೆಲಸ ಹೋಗುತ್ತದೆ. ಮೂರು ವರ್ಷದ ಸಂಬಳ ವಾಪಸ್ಸು ಕೇಳುತ್ತಾರೆ, ಜೈಲಿಗೂ ಹಾಕಬಹುದು. ಹಾಸಿಗೆ ಹಿಡಿದ ಹೆಂಡತಿಯನ್ನು ಕ್ವಾರ್ಟರ್ಸಿನಿಂದ ಎಲ್ಲಿಗೆಂದು ಎತ್ತಿಕೊಂಡು ಹೋಗುವುದು?

"ತಪ್ಪಾಗಿ ಬರ್ಕಂಡವ್ರೆ. ಇರಿ, ಆಫೀಸಿಗೆ ಹೇಳಿ ಈಗ್ಲೇ ಸರಿ ಮಾಡಿಸ್ತೀನಿ." ಅವಳು ಮೇಜಿನ ಫೋನೆತ್ತಿ ನಂಬರು ಒತ್ತತೊಡಗಿದಳು. ಪಾಪ, ಉಪಕಾರ ಮಾಡುವ ಉತ್ಸಾಹ ಅವಳಿಗೆ.

"ಬ್ಯಾಡ!"

ಕೂಗು ಎಷ್ಟು ಜೋರಾಯಿತೆಂದರೆ ಅವನೇ ಬೆಚ್ಚಿದ. ಗಂಟಲು ಸರಿಮಾಡಿಕೊಂಡು, ಸಾಹೇಬರ ಮುಂದೆ ನಿಂತವನಂತೆ ಕೈಕಟ್ಟಿ, ಐವತ್ತೆರಡು ಜೂನ್ ಒಂದು ಎಂದು ತಮಿಳಿನಲ್ಲಿ ಒಪ್ಪಿಸಿದ.

ಪ್ರೇಮಲತಾ ರಿಸೀವರನ್ನು ಇಟ್ಟಳು. ಅವನ ನರೆತ ತಲೆಯನ್ನು ನೋಡಿದಳು. ಅವಳ ನಗು ಆರಿತ್ತು. ಆ ತಾರೀಖು ಟೈಪು ಮಾಡಿದಳು, ಕಂಪ್ಯೂಟರು ಈ ಸಲ ತಕ್ಷಣ ಒಪ್ಪಿತು. ಅವನ ಫೋನಿನಲ್ಲಿ ಏನೋ ಒತ್ತಿ, ಮೇಜಿನ ಮೇಲೆ ಅವನತ್ತ ಸರಿಸಿದಳು.

"ಸರಿ, ನೀಂಗ ಪೋಲಾಂ," ನೀವಿನ್ನು ಹೋಗಬಹುದು ಎಂದಳು. ಅವಳು ಅವನೊಡನೆ ತಮಿಳಾಡಿದ್ದು ಅದೇ ಮೊದಲು.

ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಸಿದ್ದಯ್ಯ ತಿರುಗಿ ನೋಡಿದ. ಅವಳ ಕೈ ಮತ್ತೆ ರಿಸೀವರಿನ ಮೇಲಿತ್ತು.